ದಂತ ಚಿಕಿತ್ಸೆಯಲ್ಲಿ ಆ್ಯಂಟಿಬಯಾಟಿಕ್: ನಂಜನಗೂಡು, ತಿ. ನರಸೀಪುರ

ಮೈಸೂರು ಜಿಲ್ಲೆಯ ಈ ಎರಡು ತಾಲ್ಲೂಕುಗಳಲ್ಲಿ ಹಲ್ಲಿನ ಔಷಧದ ಕಥೆ ಆ್ಯಂಟಿಬಯಾಟಿಕ್‌ಗಳಿಗಿಂತ ಹಳೆಯದು. ಬಿ. ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದರು. ಅಲ್ಲಿ ತಯಾರಾದ ಹಲ್ಲುಪುಡಿ ಊರಿನ ಹೆಸರನ್ನು ಕನ್ನಡ ನಾಡಿನ ಬಚ್ಚಲುಮನೆಗಳಿಗೆ ಮುಟ್ಟಿಸಿತು. ಆದರೆ ಹಲ್ಲಿನ ಬೇರಿನಲ್ಲಿ ಕೀವು ಕಟ್ಟಿದ ಮೇಲೆ ಪುಡಿ ಕೆಲಸಕ್ಕೆ ಬಾರದು. ಆಗ ಉಳಿಯುತ್ತಿದ್ದುದು ಲವಂಗದೆಣ್ಣೆ, ಉಪ್ಪುನೀರು, ಕೊನೆಗೆ ಕೀಳಿಸುವುದು. ಸೋಂಕು ಕತ್ತಿಗೆ ಇಳಿದರೆ ಜೀವಕ್ಕೇ ಅಪಾಯವಿತ್ತು.

ಪುಣೆ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾದ ಬಳಿಕ ಪೆನಿಸಿಲಿನ್ ದೇಶದಲ್ಲೇ ತಯಾರಾಗತೊಡಗಿತು. ಮೆಟ್ರೊನಿಡಜೋಲ್ ದಂತವೈದ್ಯರ ಕೈಗೆ ಬಂದದ್ದು ಆಕಸ್ಮಿಕ. 1962ರಲ್ಲಿ ಸ್ತ್ರೀರೋಗಕ್ಕೆಂದು ಈ ಮಾತ್ರೆ ನುಂಗುತ್ತಿದ್ದ ಮಹಿಳೆಯೊಬ್ಬರ ಒಸಡಿನ ಹುಣ್ಣೂ ವಾಸಿಯಾಯಿತು. ದಂತವೈದ್ಯ ಶಿನ್ ಅದನ್ನು ವರದಿ ಮಾಡಿದರು. 1970ರ ದಶಕದಲ್ಲಿ ಅಮಾಕ್ಸಿಸಿಲಿನ್ ಮಾರುಕಟ್ಟೆಗೆ ಬಂತು. ಎರಡೂ ಸೇರಿ ಐದು ದಿನದ ಚೀಟಿ ಬರೆಯುವುದು ಭಾರತದ ದಂತವೈದ್ಯರಲ್ಲಿ ರೂಢಿಯಾಯಿತು. ಕಪಿಲಾ ತೀರದ ಸುತ್ತೂರು ಮಠದ ಆಶ್ರಯದ ಜೆಎಸ್‌ಎಸ್ ಸಂಸ್ಥೆ 1980ರ ದಶಕದಲ್ಲಿ ಮೈಸೂರಿನಲ್ಲಿ ದಂತ ಕಾಲೇಜು ತೆರೆದಾಗ, ಈ ತಾಲ್ಲೂಕುಗಳ ಜನಕ್ಕೆ ಒಂದು ಬಸ್ಸಿನ ದೂರದಲ್ಲಿ ತಜ್ಞ ಚಿಕಿತ್ಸೆ ಸಿಗುವಂತಾಯಿತು.

ಚೀಟಿಯಲ್ಲಿ ಏನಿರಬೇಕೆಂಬುದನ್ನು ಬಹಳ ಸಲ ನಿರ್ಧರಿಸುವುದು ರೋಗವಲ್ಲ, ರೋಗಿ ಹೋಗಿ ಕೂತ ಜಾಗ. ಹುಳುಕು ಹಲ್ಲಿನ ತಿರುಳು ಸತ್ತರೆ ಅಲ್ಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ನುಂಗಿದ ಮಾತ್ರೆ ಅಲ್ಲಿಗೆ ತಲುಪುವುದೇ ಇಲ್ಲ. ಹಲ್ಲು ತೆರೆದು ಶುಚಿ ಮಾಡಬೇಕು, ಇಲ್ಲವೇ ಕೀಳಬೇಕು. ಹಾಗೆ ಮಾಡಲು ದಂತವೈದ್ಯರೂ ಕುರ್ಚಿಯೂ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಎರಡೂ ಇಲ್ಲ; ನೋವು ತಿನ್ನುತ್ತ ಬಂದವರಿಗೆ ಅಲ್ಲಿನ ವೈದ್ಯರು ಮಾತ್ರೆ ಕೊಟ್ಟು ತಾಲ್ಲೂಕು ಆಸ್ಪತ್ರೆಗೆ ಹೋಗಲು ಹೇಳುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೀಳುವುದೇ ಮುಖ್ಯ ಕೆಲಸ. ದಾಸ್ತಾನಿನಲ್ಲಿ ಇರುವ ಔಷಧವೇ ಚೀಟಿಗೆ ಇಳಿಯುತ್ತದೆ. ಖಾಸಗಿ ಕ್ಲಿನಿಕ್ಕಿನ ಕಷ್ಟ ಬೇರೆ. ಬೇರುನಾಳದ ಚಿಕಿತ್ಸೆಗೆ ಹಲವು ಸಲ ಬರಬೇಕಾಗಬಹುದು. ಹುಲ್ಲಹಳ್ಳಿಯಿಂದಲೋ ತಲಕಾಡಿನಿಂದಲೋ ಕೂಲಿ ಬಿಟ್ಟು ಬಂದವರು ಮತ್ತೆ ಬರುವರೆಂಬ ಭರವಸೆ ಇಲ್ಲದಾಗ, ನಡುವೆ ದವಡೆ ಊದಿದರೆ ಎಂಬ ಭಯಕ್ಕೇ ವೈದ್ಯರು ಆ್ಯಂಟಿಬಯಾಟಿಕ್ ಬರೆಯುತ್ತಾರೆ. ಇದನ್ನು ಬರೀ ನಿರ್ಲಕ್ಷ್ಯ ಎಂದು ತಳ್ಳಿಹಾಕುವುದು ಅನ್ಯಾಯ. ದಂತ ಕಾಲೇಜಿನ ಸ್ಥಿತಿ ಬೇರೆ: ಅಲ್ಲಿ ಎಕ್ಸ್‌ರೇ ಇದೆ, ವಿದ್ಯಾರ್ಥಿ ಬರೆದದ್ದನ್ನು ತಿದ್ದುವ ಹಿರಿಯರಿದ್ದಾರೆ.

ಅಮೆರಿಕದ ದಂತವೈದ್ಯರ ಸಂಘದ 2019ರ ಮಾರ್ಗಸೂಚಿಯ ಪ್ರಕಾರ, ರೋಗನಿರೋಧಕ ಶಕ್ತಿ ಚೆನ್ನಾಗಿರುವ ವಯಸ್ಕರ ಹಲ್ಲುನೋವಿಗೆ ಬಹುಪಾಲು ಸಂದರ್ಭದಲ್ಲಿ ಆ್ಯಂಟಿಬಯಾಟಿಕ್ ಬೇಡ. ತಕ್ಷಣದ ದಂತ ಚಿಕಿತ್ಸೆ ಮತ್ತು ಐಬುಪ್ರೊಫೆನ್, ಪ್ಯಾರಾಸಿಟಮಾಲ್‌ನಂಥ ನೋವಿನ ಮಾತ್ರೆ ಸಾಕು. ಜ್ವರ, ಹರಡುವ ಊತ, ನುಂಗಲು ತೊಂದರೆ ಇದ್ದರೆ ಮಾತ್ರ ಮಾತು ಬೇರೆ. ಹೃದಯದ ಕೃತಕ ಕವಾಟ ಇರುವವರಿಗೆ ಹಲ್ಲು ಕೀಳುವ ಮುನ್ನ 2 ಗ್ರಾಂ ಅಮಾಕ್ಸಿಸಿಲಿನ್ ಒಂದೇ ಸಲ ಕೊಡುವುದು ಇಂದಿಗೂ ಸರಿಯಾದ ಕ್ರಮ. ಆಫ್ಲಾಕ್ಸಸಿನ್-ಆರ್ನಿಡಜೋಲ್ ಜೋಡಿ ಮಾತ್ರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡದ ಪಟ್ಟಿಗೆ ಸೇರಿಸಿದೆ. ಭಾರತದಲ್ಲಿ ಅದನ್ನು ಹಲ್ಲಿಗೆ ಬರೆಯುವುದು ನಿಂತಿಲ್ಲ.

ಚೀಟಿಯೇ ಇಲ್ಲದ ಮಾರಾಟ ಇನ್ನೊಂದು ಸಮಸ್ಯೆ. ಹಳೆಯ ಚೀಟಿಯನ್ನೋ ಖಾಲಿ ಸ್ಟ್ರಿಪ್ಪನ್ನೋ ತೋರಿಸಿ ನಾಲ್ಕು ಮಾತ್ರೆ ಕೊಂಡು, ನೋವು ತಗ್ಗಿದ ಕೂಡಲೇ ಬಿಡುವ ಅಭ್ಯಾಸ ನಮ್ಮಲ್ಲಿದೆ. 2014ರ ಮಾರ್ಚ್‌ನಿಂದ ಜಾರಿಯಾದ, ಔಷಧ ನಿಯಮಗಳ ಎಚ್-1 ಪಟ್ಟಿ ಸೆಫಿಕ್ಸೀಮ್‌ನಂಥ ಔಷಧಗಳಿಗೆ ಅಂಗಡಿಯವರು ವೈದ್ಯರ, ರೋಗಿಯ ಹೆಸರು ಬರೆದು ಮೂರು ವರ್ಷ ಕಾಯ್ದಿಡುವ ಪ್ರತ್ಯೇಕ ಪುಸ್ತಕವನ್ನು ಕಡ್ಡಾಯ ಮಾಡಿತು. ಹಲ್ಲಿಗೆ ಹೆಚ್ಚು ಬಳಕೆಯಾಗುವ ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ಎರಡೂ ಆ ಪಟ್ಟಿಯಿಂದ ಹೊರಗೆ, ಚೀಟಿ ಕೇಳುವ ಆದರೆ ಅಂಥ ಪ್ರತ್ಯೇಕ ಪುಸ್ತಕ ಕೇಳದ ಹಳೆಯ ಎಚ್ ಪಟ್ಟಿಯಲ್ಲೇ ಉಳಿದವು.