ಸೋರುವ ಎಣ್ಣೆ ಹೇಳಿದ ಚರಿತ್ರೆ

ನಿಲ್ಲಿಸಿದ್ದ ಕಾರು ಹೊರಟುಹೋದ ಮೇಲೆ ನೆಲದಲ್ಲಿ ಕಪ್ಪು ಎಣ್ಣೆಯ ಕಲೆ ಉಳಿದಿರುವುದನ್ನು ನೀವು ನೋಡಿರಬಹುದು. ಹಳೆಯ ವಾಹನಗಳಲ್ಲಿ ಇದು ಸಾಮಾನ್ಯ. ನೋಡಿದೊಡನೆ ನಮಗೆ ತೋಚುವುದು ಒಂದೇ: ಎಲ್ಲೋ ತೂತಾಗಿದೆ, ಮುಚ್ಚಬೇಕು. ಆದರೆ ಎಣ್ಣೆ ಹೊರಬರಲು ದಾರಿಯೊಂದಿದ್ದರೆ ಸಾಲದು. ಅದನ್ನು ಹೊರಕ್ಕೆ ತಳ್ಳುವ ಬಲವೂ ಇರಬೇಕು. ಈ ಎರಡನೆಯ ಮಾತನ್ನು ಮರೆತರೆ ಏನಾಗುತ್ತದೆಂಬುದು ಕಳೆದ ಬೇಸಿಗೆಯಲ್ಲಿ ನನ್ನ ಅನುಭವಕ್ಕೆ ಬಂತು.

ದಾವಣಗೆರೆಯ ನನ್ನ ಗೆಳೆಯರೊಬ್ಬರ ಬಳಿ 1958ರ ಎಂಜಿಎ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿದೆ. ಇರುವುದು ಎರಡೇ ಆಸನ. ರಾತ್ರಿ ನಿಲ್ಲಿಸಿದರೆ ಬೆಳಗಿನೊಳಗೆ ಎಂಜಿನ್ ಹಿಂಭಾಗದಿಂದ ಮೂವತ್ತು ಹನಿಗಳಷ್ಟು ಎಣ್ಣೆ ಬೀಳುತ್ತಿತ್ತು. ಗ್ಯಾರೇಜೊಂದರಲ್ಲಿ ಸಂದುಗಳಿಗೆಲ್ಲ ಅಂಟು ಮೆತ್ತಿದರು, ಸೋರಿಕೆ ನಿಲ್ಲಲಿಲ್ಲ. ಕೊನೆಗೆ, ಎಂಜಿನ್ ಇಳಿಸಿ, ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯನ್ನು ಸಾಣೆ ಹಿಡಿಸಿ, ಹೊಸ ಮಾದರಿಯ ಆಯಿಲ್ ಸೀಲ್ ಕೂರಿಸಬೇಕು ಎಂಬ ಸಲಹೆ ಬಂತು. ಒಮ್ಮೆ ಸಾಣೆ ಹಿಡಿಸಿದರೆ ಶಾಫ್ಟ್ ಮತ್ತೆ ಮೊದಲಿನಂತಾಗದು. ಗೆಳೆಯರು ನನ್ನನ್ನು ಕೇಳಿದರು. ದ್ರವಗಳ ಸ್ನಿಗ್ಧತೆಯನ್ನು ಎಷ್ಟೋ ವರ್ಷ ಪಾಠ ಮಾಡಿದವನು ನಾನು. ಆದರೂ ಉತ್ತರ ಹೊಳೆಯಲಿಲ್ಲ. ಹರಿಹರದ ನಿವೃತ್ತ ಟರ್ನರ್ ಒಬ್ಬರನ್ನು ಕರೆದುಕೊಂಡು ಬಂದೆವು. ಅವರು ಕಾರಿನ ಕೆಳಗೆ ಇಣುಕಿ ನೋಡಿ ಹೇಳಿದ್ದು ಇಷ್ಟೆ: "ಸೀಲ್ ಹುಡುಕಬ್ಯಾಡ್ರಿ ಸರ್, ಇದ್ರಾಗ ಸೀಲೇ ಇಲ್ಲ."

ಅವರ ಮಾತು ನಿಜವಾಗಿತ್ತು. ಸೀಲೇ ಇಲ್ಲದ ಎಂಜಿನ್ ಎಣ್ಣೆಯನ್ನು ಹೇಗೆ ಹಿಡಿದಿಡುತ್ತದೆ? ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗಾಡಿಯ ಕೀಲಿನಿಂದ ರೇಸಿನ ಎಂಜಿನ್ನಿಗೆ

ಕೀಲೆಣ್ಣೆ ಎಂಬ ಪದ ನಮಗೆ ಮೋಟಾರಿನಿಂದ ಬಂದದ್ದಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುವುದು ನಮ್ಮ ರೈತರಿಗೆ ಹೊಸದೇನೂ ಆಗಿರಲಿಲ್ಲ. ಹತ್ತಿ ಹೇರಿಕೊಂಡು ದಾವಣಗೆರೆಯ ಪೇಟೆಗೆ ಬರುತ್ತಿದ್ದ ಗಾಡಿಗಳ ಅಚ್ಚಿನಿಂದ ಎಣ್ಣೆ ಜಿನುಗಿದರೆ ಯಾರೂ ಚಿಂತಿಸುತ್ತಿರಲಿಲ್ಲ. ಕೀಲು ಒಣಗಿ ಕಿರುಗುಟ್ಟಿದರೆ ಮಾತ್ರ ಚಿಂತೆ. ಅದೇ ಹರಳೆಣ್ಣೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಮಾನ ಮತ್ತು ರೇಸ್ ಕಾರುಗಳ ಎಂಜಿನ್ನುಗಳಿಗೂ ಹೋಯಿತು. 1909ರಲ್ಲಿ ಬ್ರಿಟನ್ನಿನ ವೇಕ್‌ಫೀಲ್ಡ್ ಕಂಪನಿ ತನ್ನ ಹೊಸ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿದ್ದು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ.

ಬಿರಡೆಯನ್ನು ತಳ್ಳಿದ ಎಣ್ಣೆ

ಕೀಲೆಣ್ಣೆ ಘರ್ಷಣೆಯನ್ನು ಕಡಿಮೆ ಮಾಡುತ್ತದೆಂಬುದು ಹಳೆಯ ಅನುಭವ. ಅದು ಹೇಗೆ ಎಂಬುದನ್ನು ತಿಳಿಸಿಕೊಟ್ಟದ್ದು ಒಂದು ಸೋರಿಕೆ!

1880ರ ದಶಕದ ಮೊದಲ ವರ್ಷಗಳಲ್ಲಿ ಬೋಷಾಂಪ್ ಟವರ್ ಎಂಬ ಬ್ರಿಟಿಷ್ ಎಂಜಿನಿಯರ್ ರೈಲು ಗಾಡಿಯ ಅಚ್ಚುಗಳ ಬೇರಿಂಗನ್ನು ಪರೀಕ್ಷಿಸುತ್ತಿದ್ದರು. ತಿರುಗುವ ಶಾಫ್ಟಿನ ಮೇಲೆ ಅರ್ಧ ವೃತ್ತಾಕಾರದ ಬೇರಿಂಗ್. ಶಾಫ್ಟಿನ ಕೆಳಭಾಗ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿತ್ತು. ಮೇಲಿನಿಂದ ಎಣ್ಣೆ ಬಿಡಲೆಂದು ಟವರ್ ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರ ಕೊರೆದರು. ಯಂತ್ರ ಓಡಿದಾಗ ಒಳಗೆ ಹೋಗಬೇಕಾದ ಎಣ್ಣೆ ರಂಧ್ರದಿಂದ ಹೊರಗೆ ಉಕ್ಕಿತು. ಮರದ ಬಿರಡೆ ಜಡಿದರು. ಎಣ್ಣೆ ಅದನ್ನೂ ಮೇಲಕ್ಕೆ ತಳ್ಳಿ ಹಾಕಿತು. ಇನ್ನೊಬ್ಬರಾಗಿದ್ದರೆ ಗಟ್ಟಿಯಾದ ಬಿರಡೆ ಹುಡುಕುತ್ತಿದ್ದರೇನೋ. ಟವರ್ ಅಲ್ಲಿ ಒತ್ತಡಮಾಪಕ ಜೋಡಿಸಿದರು. ಬೇರಿಂಗಿನ ಮೇಲಿದ್ದ ಸರಾಸರಿ ಹೊರೆ ಚದರ ಅಂಗುಲಕ್ಕೆ 100 ಪೌಂಡ್. ಮಾಪಕದ ಮುಳ್ಳು 200ನ್ನೂ ದಾಟಿತು.

ಇದನ್ನು ವಿವರಿಸಿದವರು ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನ ಪ್ರಾಧ್ಯಾಪಕ ಆಸ್ಬೋರ್ನ್ ರೇನಾಲ್ಡ್ಸ್. 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಕರೆಸಿಕೊಂಡ ದಾವಣಗೆರೆಯವರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಆ ಮ್ಯಾಂಚೆಸ್ಟರ್ ಬಟ್ಟೆಯನ್ನಷ್ಟೇ ಅಲ್ಲ, ಯಂತ್ರವಿಜ್ಞಾನವನ್ನೂ ನೇಯ್ದ ಊರು. 1886ರ ಪ್ರಬಂಧದಲ್ಲಿ ರೇನಾಲ್ಡ್ಸ್ ತೋರಿಸಿದ್ದು ಇದು: ಸ್ನಿಗ್ಧತೆಯಿಂದಾಗಿ ಎಣ್ಣೆ ತಿರುಗುವ ಶಾಫ್ಟಿಗೆ ಅಂಟಿಕೊಂಡು ಅದರ ಜೊತೆ ಸಾಗುತ್ತದೆ. ಶಾಫ್ಟ್ ಮತ್ತು ಬೇರಿಂಗಿನ ನಡುವಿನ ಸಂದು ಕಿರಿದಾಗುತ್ತ ಹೋಗುವ ಕಡೆ ಎಣ್ಣೆ ಬೆಣೆಯಂತೆ ನುಗ್ಗಿ ಒತ್ತಡ ಬೆಳೆಸಿಕೊಳ್ಳುತ್ತದೆ. ಇಡೀ ಹೊರೆಯನ್ನು ಹೊರುವುದು ಈ ಒತ್ತಡವೇ. ಲೋಹಕ್ಕೆ ಲೋಹ ತಗಲುವುದೇ ಇಲ್ಲ.

ಎಣ್ಣೆಯನ್ನು ಹಿಂದಕ್ಕೆ ಕಳಿಸುವ ತಿರುಪು

ಎಂಜಿನ್ ಒಳಗೆ ಎಣ್ಣೆಗೆ ಒತ್ತಡ ಬೇಕು. ಆದರೆ ಶಾಫ್ಟ್ ಹೊರಬರುವ ಜಾಗದಲ್ಲಿ ಅದು ಹೊರಗೆ ಬರಬಾರದು. ಹಿಂದಿನ ವಿನ್ಯಾಸಕಾರರು ಇದಕ್ಕೆ ಒಂದು ಸೊಗಸಾದ ಉಪಾಯ ಮಾಡಿದ್ದರು. ಎಂಜಿಎ ಕಾರಿನ 1489 ಘನ ಸೆಂಟಿಮೀಟರ್ ಸಾಮರ್ಥ್ಯದ ಎಂಜಿನ್ 'ಬಿ' ಸರಣಿ ಎಂಬ ಮನೆತನಕ್ಕೆ ಸೇರಿದ್ದು. 1959ರಿಂದ ನಮ್ಮ ಅಂಬಾಸಡರ್ ಕಾರಿಗೆ ಬಂದದ್ದೂ ಇದೇ ಮನೆತನದ, ಇದೇ ಗಾತ್ರದ ಎಂಜಿನ್. ಎಂಜಿಎಯ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯಲ್ಲಿ ಮೊದಲು ಒಂದು ಅಂಚು ಇದೆ. ಅದು ಎಣ್ಣೆಯನ್ನು ಸಿಡಿಸಿ ಕೆಳಗಿನ ಸಂಪಿಗೆ ಕಳಿಸುತ್ತದೆ. ಅದನ್ನೂ ದಾಟಿ ಬಂದ ಎಣ್ಣೆಗಾಗಿ ಶಾಫ್ಟಿನ ಮೇಲೆ ತಿರುಪಿನಂತಹ ಗೀರನ್ನು ಕೊರೆದಿದ್ದಾರೆ. ಶಾಫ್ಟ್ ತಿರುಗಿದಾಗ ಈ ತಿರುಪು ಎಣ್ಣೆಯನ್ನು ಒಳಮುಖವಾಗಿ ದೂಡುತ್ತದೆ. ಟವರರ ಬಿರಡೆಯನ್ನು ಹೊರತಳ್ಳಿದ್ದೂ ಇಲ್ಲಿ ಎಣ್ಣೆಯನ್ನು ಒಳತಳ್ಳುವುದೂ ಒಂದೇ ಗುಣ, ಸ್ನಿಗ್ಧತೆ.

ಈ ತಿರುಪು ತಡೆಯಬಲ್ಲ ಒತ್ತಡವು ಎಣ್ಣೆಯ ಸ್ನಿಗ್ಧತೆ, ಶಾಫ್ಟಿನ ವೇಗ ಮತ್ತು ತಿರುಪಿನ ಉದ್ದಕ್ಕೆ ಅನುಪಾತದಲ್ಲಿರುತ್ತದೆ. ಸಂದಿನ ಅಗಲದ ವರ್ಗಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಸಂದು ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗ. ಬೇರಿಂಗ್ ಸವೆದು ಸಂದು ಎರಡರಷ್ಟಾದರೆ ತಡೆಯುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಎಂಜಿನ್ ಕಾದರೂ ಹಾಗೆಯೇ: 20ಡಬ್ಲ್ಯು-50 ದರ್ಜೆಯ ಎಣ್ಣೆಯ ಸ್ನಿಗ್ಧತೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದುದು 100 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು ಎಂಟನೇ ಒಂದು ಪಾಲಿಗೆ ಇಳಿದಿರುತ್ತದೆ. ಎಂಜಿನ್ ನಿಂತರೆ ತಿರುಪೂ ನಿಂತಂತೆಯೇ. ಆದ್ದರಿಂದ ಒಂದೆರಡು ಹನಿ ಬಂದೇ ಬರುತ್ತದೆ. ವಿನ್ಯಾಸಕಾರರಿಗೆ ಇದು ತಿಳಿದಿತ್ತು. ಕ್ಲಚ್ಚಿನ ಕವಚದ ತಳದಲ್ಲಿ ಅವರೇ ಒಂದು ರಂಧ್ರ ಇಟ್ಟು, ಅದರಲ್ಲಿ ಒಂದು ಸ್ಪ್ಲಿಟ್ ಪಿನ್ ಸಡಿಲವಾಗಿ ತೂಗುಹಾಕಿದ್ದಾರೆ. ಕಾರು ಓಡುವಾಗ ಪಿನ್ ಅಲುಗಾಡಿ ರಂಧ್ರ ಕಟ್ಟದಂತೆ ನೋಡಿಕೊಳ್ಳುತ್ತದೆ. ಹನಿಗಳು ಕ್ಲಚ್ ಪ್ಲೇಟಿಗೆ ತಗಲದೆ ನೆಲಕ್ಕೆ ಬೀಳಲಿ ಎಂಬುದು ಉದ್ದೇಶ.

ತೊಗಲಿನಿಂದ ರಬ್ಬರಿಗೆ

ಇಷ್ಟರಲ್ಲಿ ಬೇರೊಂದು ದಾರಿಯೂ ತೆರೆದಿತ್ತು. ಜರ್ಮನಿಯ ವೈನ್‌ಹೈಮಿನ ಫ್ರಾಯ್ಡೆನ್‌ಬರ್ಗ್ ಎಂಬ ತೊಗಲು ಹದಮಾಡುವ ಸಂಸ್ಥೆ 1929ರಿಂದ ತೊಗಲಿನ ಸೀಲುಗಳನ್ನು ಮಾಡತೊಡಗಿತು. 1930ರ ದಶಕದಲ್ಲಿ ವಾಲ್ಟರ್ ಸಿಮ್ಮರ್ ಅವರ ವಿನ್ಯಾಸದ, ಶಾಫ್ಟನ್ನು ತುಟಿಯಂತೆ ಅಪ್ಪಿ ಹಿಡಿಯುವ ಉಂಗುರ ಬಂತು. ಅದೇ ದಶಕದಲ್ಲಿ ತೊಗಲಿನ ಬದಲು ಕೃತಕ ರಬ್ಬರಿನ ಬಳಕೆಯೂ ಮೊದಲಾಯಿತು. ರಬ್ಬರಿನ ತುಟಿ ಶಾಫ್ಟನ್ನು ಒತ್ತಿ ಒಣಗಿಸುತ್ತದೆಂದು ನಾವು ಭಾವಿಸುತ್ತೇವೆ. 1950ರ ದಶಕದಲ್ಲಿ ಬ್ರಿಟನ್ನಿನ ಜಾಗರ್ ತೋರಿಸಿದ್ದು ಬೇರೆಯೇ: ತುಟಿಯ ಕೆಳಗೂ ಅತಿ ತೆಳುವಾದ ಎಣ್ಣೆಯ ಪದರ ಇರುತ್ತದೆ. ಪೂರ್ತಿ ಒಣಗಿದ ಸೀಲ್ ಬೇಗನೆ ಸುಟ್ಟುಹೋಗುತ್ತದೆ. 1964ರಲ್ಲಿ ಎಂಜಿಎಯ ಉತ್ತರಾಧಿಕಾರಿಯಾದ ಎಂಜಿಬಿ ಕಾರಿಗೆ ಐದು ಬೇರಿಂಗುಗಳ ಎಂಜಿನ್ ಬಂದಾಗ ಹಿಂತುದಿಗೆ ಇಂತಹ ರಬ್ಬರ್ ಸೀಲೂ ಬಂತು.

ರಬ್ಬರಿಗೂ ಮಿತಿಯಿದೆ. ರೇನಾಲ್ಡ್ಸ್ ಪ್ರಬಂಧಕ್ಕೆ ಸರಿಯಾಗಿ ನೂರು ವರ್ಷವಾದ 1986ರಲ್ಲಿ, ಜನವರಿ 28ರಂದು, ಅಮೆರಿಕದ ಚಾಲೆಂಜರ್ ವ್ಯೋಮನೌಕೆ ಏಳು ಮಂದಿಯೊಡನೆ ನಾಶವಾಯಿತು. ಚಳಿಗೆ ಬಿರುಸಾದ ರಬ್ಬರ್ ಉಂಗುರ ಬಿಸಿ ಅನಿಲವನ್ನು ತಡೆಯಲಿಲ್ಲ. ಆ ಉಂಗುರಗಳು ಕೆಡುತ್ತಿದ್ದ ಸೂಚನೆ ಹಿಂದಿನ ಹಾರಾಟಗಳಲ್ಲೇ ಕಂಡಿತ್ತು. ಚಿಕ್ಕ ಸೋರಿಕೆ ಏನು ಹೇಳುತ್ತಿದೆ ಎಂದು ಕೇಳದಿದ್ದರೆ ಬೆಲೆ ಎಷ್ಟಾಗಬಹುದು ನೋಡಿ.

ಉಸಿರು ಕಟ್ಟಿದ ಎಂಜಿನ್

ಮತ್ತೆ ದಾವಣಗೆರೆಗೆ ಬರೋಣ. ಟರ್ನರ್ ಎಂಜಿನ್ ಚಾಲೂ ಮಾಡಿಸಿ, ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು, ಅಲ್ಲಿಗೊಂದು ಪ್ಲಾಸ್ಟಿಕ್ ಚೀಲ ಕಟ್ಟಿದರು. ಚೀಲ ಬುಗ್ಗೆಯಂತೆ ಉಬ್ಬಿ ಬಿಗಿಯಿತು. "ನೋಡ್ರಿ, ಇದಕ್ಕ ಉಸಿರು ಕಟ್ಟೈತಿ" ಎಂದರು.

ಪಿಸ್ಟನ್ ಉಂಗುರಗಳ ಸಂದಿನಿಂದ ಸ್ವಲ್ಪ ಅನಿಲ ಕೆಳಗಿಳಿಯುವುದು ಎಲ್ಲ ಎಂಜಿನ್‌ಗಳಲ್ಲೂ ಉಂಟು. ಅದು ಹೊರಹೋಗಲು ಈ ಕಾರಿನಲ್ಲಿ ಎಂಜಿನ್ ಪಕ್ಕದ ಮುಚ್ಚಳದಿಂದ ಒಂದು ಕೊಳವೆ ಕೆಳಕ್ಕೆ ಇಳಿದಿದೆ. ಕಾರು ಓಡುವಾಗ ಕೊಳವೆಯ ಬಾಯಿಯ ಬಳಿ ಬೀಸುವ ಗಾಳಿ ಒಳಗಿನ ಹಬೆಯನ್ನು ಸೆಳೆದುಕೊಳ್ಳುತ್ತದೆ. ನಮ್ಮ ಕಾರಿನ ಕೊಳವೆಯಲ್ಲಿ ವರ್ಷಗಳ ಎಣ್ಣೆ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಹೋಗಲು ಬೇರೆ ದಾರಿ ಸಾಲದೆ ಅನಿಲ ತಿರುಪಿನ ಸಂದಿಗೆ ನುಗ್ಗಿ ಎಣ್ಣೆಯನ್ನೂ ಹೊರಕ್ಕೆ ತಳ್ಳುತ್ತಿತ್ತು. ಗ್ಯಾರೇಜಿನವರು ಮೆತ್ತಿದ ಅಂಟು ಉಳಿದ ದಾರಿಗಳನ್ನೂ ಮುಚ್ಚಿ ಒತ್ತಡವನ್ನು ಹೆಚ್ಚಿಸಿತ್ತಷ್ಟೆ.

ಕೊಳವೆಯನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿಯಿಂದ ಕೆರೆದು ಶುಚಿ ಮಾಡಿದೆವು. ಪಕ್ಕದ ಮುಚ್ಚಳದ ಬೋಲ್ಟನ್ನು ಯಾರೋ ಅತಿಯಾಗಿ ಬಿಗಿದು ತಗಡನ್ನು ಬಗ್ಗಿಸಿದ್ದರು. ಅದನ್ನು ಮಟ್ಟವಾದ ಕಬ್ಬಿಣದ ಮೇಲಿಟ್ಟು ಮೆಲ್ಲಗೆ ತಟ್ಟಿ ನೇರ ಮಾಡಿ, ಹೊಸ ಕಾರ್ಕ್ ಪ್ಯಾಕಿಂಗ್ ಹಾಕಿದೆವು. ಕಾರ್ಕಿನದೊಂದು ವಿಶೇಷ ಗುಣ: ಮೇಲಿನಿಂದ ಒತ್ತಿದರೆ ಅದು ಪಕ್ಕಕ್ಕೆ ಹರಡುವುದೇ ಇಲ್ಲವೆನ್ನಬಹುದು. ರಬ್ಬರ್ ಹಾಗಲ್ಲ, ಒತ್ತಿದಷ್ಟೂ ಪಕ್ಕಕ್ಕೆ ಉಬ್ಬುತ್ತದೆ. ಆದರೂ ಅತಿಯಾಗಿ ಬಿಗಿದರೆ ಕಾರ್ಕ್ ಸೀಳುತ್ತದೆ, ಹದವಾಗಿ ಬಿಗಿಯಬೇಕು. ಹೀಗೆ ಮಾಡಹೊರಟವರಿಗೆ ಎರಡು ಎಚ್ಚರಿಕೆ: ಕೇವಲ ಜಾಕಿಯನ್ನು ನಂಬಿ ಕಾರಿನ ಕೆಳಗೆ ಹೋಗಬೇಡಿ, ಹಳೆಯ ಪ್ಯಾಕಿಂಗುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಒಣಗಿದ್ದನ್ನು ಕೆರೆದು ಧೂಳೆಬ್ಬಿಸಬೇಡಿ.

ಮೂವತ್ತು ಹನಿ ಮೂರಕ್ಕೆ ಇಳಿಯಿತು. ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಎಂದರೆ ರಾತ್ರಿಗೆ ಮೂರು ಹನಿಯಂತೆ ವರ್ಷಕ್ಕೆ ಸುಮಾರು 55 ಮಿಲಿಲೀಟರ್. ಕೆಳಗೊಂದು ತಟ್ಟೆ ಇಟ್ಟರೆ ಅದೂ ನೆಲಕ್ಕೆ, ಅಲ್ಲಿಂದ ಚರಂಡಿಗೆ, ಹೊಳೆಗೆ ಹೋಗುವುದಿಲ್ಲ. ಎಂಜಿನ್ ಇಳಿಸಲಿಲ್ಲ, ಶಾಫ್ಟಿಗೆ ಸಾಣೆ ಹಿಡಿಸಲಿಲ್ಲ.

ಹರಿಹರದಲ್ಲಿ ಉಳಿದಿರುವುದು

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಅಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಮುಚ್ಚಿತು. ಲೇತ್ ಎಂದರೆ ತಿರುಪು ಕೊರೆಯುವ ಯಂತ್ರ. ಅದರ ತಿರುಗುವ ಶಾಫ್ಟಿಗೂ ಎಣ್ಣೆಯನ್ನು ಒಳಗೇ ಇಟ್ಟುಕೊಳ್ಳಬೇಕಾದ ಇದೇ ಸಮಸ್ಯೆ. ಅಲ್ಲಿ ದುಡಿದ ಕೈಗಳಿಗೆ ಸಂದು ಎಷ್ಟಿರಬೇಕು, ಗೀರು ಯಾವ ಕಡೆ ತಿರುಗಿರಬೇಕು ಎಂಬುದು ಗೊತ್ತಿತ್ತು. ರೇನಾಲ್ಡ್ಸರ ಸಮೀಕರಣ ನನಗೆ ಪುಸ್ತಕದಿಂದ ಬಂತು. ಆ ಟರ್ನರ್‌ಗೆ ಎಣ್ಣೆ ಮೆತ್ತಿದ ಬೆರಳುಗಳಿಂದ ಬಂತು. ಆ ದಿನ ಉತ್ತರ ಕೊಟ್ಟದ್ದು ಬೆರಳು.

ಆ ಪೀಳಿಗೆಯವರಿಗೆ ಈಗ ವಯಸ್ಸಾಗಿದೆ. ಅವರಿಗೆ ತಿಳಿದದ್ದರಲ್ಲಿ ಬಹುಪಾಲನ್ನು ಯಾರೂ ಬರೆದಿಟ್ಟಿಲ್ಲ. ಹರಿಹರ, ದಾವಣಗೆರೆಯ ಐಟಿಐ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಒಂದು ನೋಟ್‌ಬುಕ್ ಹಿಡಿದು ಇಂಥವರ ಮನೆಗೆ ಹೋದರೆ ಒಳ್ಳೆಯ ಪ್ರಾಜೆಕ್ಟ್ ಆದೀತು. ಹೋಗುವಾಗ ಸೋರುವ ಯಂತ್ರವೊಂದನ್ನು ಜೊತೆಗೆ ಒಯ್ಯಿರಿ. ಮಾತು ತಾನಾಗಿ ಹೊರಡುತ್ತದೆ.