ಕೋಡೆಕ್ ಪ್ಯಾಕಿನ ಆ ದಿನಗಳು

ಮೊನ್ನೆ ಊರಿಗೆ ಹೋದಾಗ ಅಟ್ಟದ ಮೇಲೆ ಅಣ್ಣನ ಹಳೇ ಸಿ.ಡಿ.ಯೊಂದು ಸಿಕ್ಕಿತು. ಮೇಲೆ ಮಾರ್ಕರಿನಲ್ಲಿ 'ಕೋಡೆಕ್ ಪ್ಯಾಕ್' ಅಂತ ಬರೆದಿತ್ತು. ನಗು ಬಂತು, ಸ್ವಲ್ಪ ಬೇಜಾರೂ ಆಯ್ತು.

1999ರ ಸುಮಾರಿಗೆ ಫ್ರಾನ್ಸಿನ ಜೆರೋಮ್ ರೋಟಾ ಎಂಬಾತ ಮೈಕ್ರೋಸಾಫ್ಟಿನ ಎಂಪೆಗ್-4 ಕೋಡೆಕ್ಕನ್ನು ತಿದ್ದಿ ಡಿವ್‌ಎಕ್ಸ್ ಮಾಡಿದ. ಇಡೀ ಸಿನಿಮಾ 700 ಎಂಬಿ ಸಿ.ಡಿ.ಯಲ್ಲಿ ಕೂತುಬಿಟ್ಟಿತು! 2001ರಲ್ಲಿ ಎಕ್ಸ್‌ವಿಡ್ ಹುಟ್ಟಿತು. ಒಂದೊಂದು ಫೈಲಿಗೆ ಒಂದೊಂದು ಕೋಡೆಕ್ ಬೇಕು. ಎಲ್ಲವನ್ನೂ ಗಂಟುಕಟ್ಟಿ ಹಂಚಿದ್ದೇ ಈ ಪ್ಯಾಕ್.

ತೊಂದರೆ ಏನಪ್ಪಾ ಅಂದ್ರೆ, ಆಗಿನ ವಿಂಡೋಸಿನಲ್ಲಿ ಕೋಡೆಕ್ ಡಿಎಲ್ಎಲ್ ರೂಪದಲ್ಲಿ, ಕರೆದ ಪ್ರೋಗ್ರಾಮಿನ ಒಳಗೇ ಹೊಕ್ಕು ಕೂರುತ್ತಿತ್ತು. ಅದು ಎಡವಿದರೆ ಕರೆದವನೂ ಬೀಳಬೇಕು. ಎಕ್ಸ್‌ಪಿಯಲ್ಲಂತೂ ಒಮ್ಮೊಮ್ಮೆ ವೀಡಿಯೋ ಇದ್ದ ಫೋಲ್ಡರ್ ತೆರೆದರೇ ಸಾಕು, ಥಂಬ್‌ನೇಲ್ ತೋರಿಸಲು ಹೋಗಿ ಎಕ್ಸ್‌ಪ್ಲೋರರ್ರೇ ಮಗುಚಿಕೊಳ್ಳುತ್ತಿತ್ತು.

ಅಣ್ಣ ಅಕ್ಕನ ಮದುವೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ಎನ್‌ಕೋಡ್ ಮಾಡುತ್ತಿದ್ದ. ಪ್ರತಿ ಸಲವೂ ಅರ್ಧಕ್ಕೇ ಕ್ರ್ಯಾಷ್. ವೈರಸ್ ಅಂದುಕೊಂಡು ಫಾರ್ಮ್ಯಾಟ್ ಮಾಡಿದ, ಇಳಿಸಿದ್ದೆಲ್ಲ ಹೋಯ್ತು. ಆಮೇಲೆ ಕ್ಯಾಸೆಟ್ಟಿಗೂ ಬೂಷ್ಟು ಹಿಡಿಯಿತು. ಮೊದಲು ಆ ಪ್ಯಾಕನ್ನು ಕಿತ್ತುಹಾಕಿ ನೋಡಬೇಕಿತ್ತು, ಅಷ್ಟೇ.

2001ರಲ್ಲೇ ಜಿಪಿಎಲ್ ಅಡಿ ಬಿಡುಗಡೆಯಾದ ವಿಎಲ್‌ಸಿ ತನಗೆ ಬೇಕಾದ ಡಿಕೋಡರುಗಳನ್ನು ಬುತ್ತಿಯ ಹಾಗೆ ತಾನೇ ಕಟ್ಟಿಕೊಂಡು ಬಂತು. ಬರೀ ನೋಡುವವರಿಗೆ ಪ್ಯಾಕಿನ ಹಂಗು ತಪ್ಪಿತು. ನಮ್ಮ ಮನೆಗೆ ಅದು ಬಂದದ್ದು ತಡವಾಗಿ.

ಬಿದ್ದ ಪ್ರೋಗ್ರಾಮೇ ತಪ್ಪಿತಸ್ಥ ಆಗಿರಬೇಕಿಲ್ಲ. ಆಫೀಸಿನಲ್ಲಿ ಬಗ್ ಹುಡುಕುವಾಗ ಈಗಲೂ ಆ ಕ್ಯಾಸೆಟ್ ನೆನಪಾಗುತ್ತೆ. ನಿಮ್ಮ ಮನೆಯಲ್ಲೂ ಹೀಗೆ ಫಾರ್ಮ್ಯಾಟಿಗೆ ಬಲಿಯಾದದ್ದು ಏನಾದ್ರೂ ಇದೆಯಾ?