ಹ್ಯಾರೋ ಒಂದು ಕಾಲಕ್ಕೆ ಗ್ರಾಮಾಂತರವಾಗಿತ್ತು

ನಾವು ಈ ದೇಶಕ್ಕೆ ಬಂದ ಹೊಸದರಲ್ಲಿ, 1990ರ ದಶಕದ ಕೊನೆಯಲ್ಲಿ, ನಮ್ಮ ವಾರ್ಡಿನಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಸೊಂಟದ ಮೂಳೆ ಕೂಡಿಕೊಂಡಿತ್ತು. ಇನ್ನು ನಾಲ್ಕು ವಾರ ನಡೆಯುವ ಅಭ್ಯಾಸಕ್ಕೆ ಅವರ ಮನೆಗೆ ಹತ್ತಿರವಾದ ಎಡ್ಜ್‌ವೇರ್ ಆಸ್ಪತ್ರೆಗೆ ಕಳಿಸೋಣ ಎಂದೆವು. ಅಜ್ಜಿ ನಮ್ಮ ಕೈ ಹಿಡಿದುಕೊಂಡು, "ಡಾಕ್ಟರೇ, ಎಲ್ಲಿಗಾದರೂ ಕಳಿಸಿ, ಅಲ್ಲಿಗೆ ಮಾತ್ರ ಬೇಡ. ಅಲ್ಲಿಗೆ ಹೋಗುವ ಹಣೆಬರಹ ಯಾರಿಗೂ ಬೇಡ ಎನ್ನುತ್ತಿದ್ದಳು ನಮ್ಮಮ್ಮ" ಎಂದರು. ನಮಗೆ ಅರ್ಥವಾಗಲಿಲ್ಲ. ವಾರ್ಡಿನ ಹಿರಿಯ ಸಿಸ್ಟರ್ ಆಮೇಲೆ ವಿವರಿಸಿದರು: ಆ ಜಾಗದಲ್ಲಿ ಹಿಂದೆ ಇದ್ದದ್ದು ವರ್ಕ್‌ಹೌಸ್.

ಅಂದು ಹಿಡಿದ ಎಳೆಯನ್ನು ಬಿಡುವಾದಾಗಲೆಲ್ಲ ಲೈಬ್ರರಿಗಳಲ್ಲಿ ಎಳೆಯುತ್ತ ಬಂದೆವು. ಕೊನೆಗೆ ಅದು ನಮ್ಮನ್ನು ಒಂದು ಮರೆತುಹೋದ ಜಿಲ್ಲೆಗೆ ಕರೆದೊಯ್ದಿತು. ನಮ್ಮ ಸಂಘದ ಎಷ್ಟೋ ಕುಟುಂಬಗಳು ಇಂದು ಆ ಜಿಲ್ಲೆಯ ನೆಲದ ಮೇಲೆಯೇ ಮನೆ ಮಾಡಿಕೊಂಡಿರುವುದರಿಂದ ಅದರ ಕಥೆಯನ್ನು ಇಲ್ಲಿ ಹೇಳಬೇಕೆನಿಸಿದೆ.

ಅದರ ಹೆಸರು ಹೆಂಡನ್ ರೂರಲ್ ಡಿಸ್ಟ್ರಿಕ್ಟ್. ಹೆಸರು ಕೇಳಿ ನಗಬೇಡಿ, ಹೆಂಡಕ್ಕೂ ಅದಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಿ ಹೇಳುವುದಾದರೆ ಹೆಂಡನ್ ಗ್ರಾಮಾಂತರ ಜಿಲ್ಲೆ. ಹುಟ್ಟಿದ್ದು 1894ರಲ್ಲಿ, ಕಣ್ಮರೆಯಾದದ್ದು 1934ರಲ್ಲಿ. ಇದು ಮಿಡ್ಲ್‌ಸೆಕ್ಸ್ ಕೌಂಟಿಗೆ ಸೇರಿತ್ತು. ಇದರಲ್ಲಿ ಐದು ಪ್ಯಾರಿಷ್‌ಗಳಿದ್ದವು: ಪಿನ್ನರ್, ಹ್ಯಾರೋ ವೀಲ್ಡ್, ಗ್ರೇಟ್ ಸ್ಟ್ಯಾನ್‌ಮೋರ್, ಲಿಟಲ್ ಸ್ಟ್ಯಾನ್‌ಮೋರ್ ಮತ್ತು ಎಡ್ಜ್‌ವೇರ್. ವಿಚಿತ್ರವೆಂದರೆ ಹೆಂಡನ್ ಊರೇ ಈ ಜಿಲ್ಲೆಯಲ್ಲಿ ಇರಲಿಲ್ಲ. ಅದು ಆಗಲೇ ಪಟ್ಟಣವಾಗಿ ಬೇರೆ ಮಂಡಳಿ ಪಡೆದಿತ್ತು.

ಇದನ್ನು ಓದಿದಾಗ ನಮಗೆ ನೆನಪಾದದ್ದು ಬೆಂಗಳೂರಿಲ್ಲದ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆ. ಆ ವಿಷಯಕ್ಕೆ ಮುಂದೆ ಬರುತ್ತೇವೆ.

ಮೊದಲು ಭೂಗೋಳ. ಉತ್ತರಕ್ಕೆ ಸ್ಟ್ಯಾನ್‌ಮೋರ್ ಮತ್ತು ಹ್ಯಾರೋ ವೀಲ್ಡ್ ದಿಣ್ಣೆಗಳು, ಸುಮಾರು 500 ಅಡಿ ಎತ್ತರ, ಮೇಲೆ ಗರಸು. ದಕ್ಷಿಣಕ್ಕೆ ಇಳಿದಂತೆ ಲಂಡನ್ ಕ್ಲೇ ಎಂಬ ಜಿಗುಟು ಜೇಡಿಮಣ್ಣು. ಮನೆಯ ಹಿಂದೆ ಗುಲಾಬಿ ನೆಡಲು ಗುದ್ದಲಿ ಹಿಡಿದವರಿಗೆಲ್ಲ ಇದರ ಪರಿಚಯವಿದೆ. ಪೂರ್ವದಲ್ಲಿ ರೋಮನ್ನರು ಹಾಕಿದ ವಾಟ್ಲಿಂಗ್ ಸ್ಟ್ರೀಟ್, ಅಂದರೆ ಈಗಿನ ಎಡ್ಜ್‌ವೇರ್ ರಸ್ತೆ. ರಸ್ತೆಯ ಒಂದು ಬದಿ ಎಡ್ಜ್‌ವೇರ್, ಇನ್ನೊಂದು ಬದಿ ಲಿಟಲ್ ಸ್ಟ್ಯಾನ್‌ಮೋರ್. ಇಂದಿಗೂ ಅಲ್ಲಿ ರಸ್ತೆ ದಾಟಿದರೆ ಬಾರ್ನೆಟ್‌ನಿಂದ ಹ್ಯಾರೋಗೆ ಬಂದಂತೆ. ಕಸದ ತೊಟ್ಟಿ ಎತ್ತುವ ಲಾರಿಯೂ ಬೇರೆ, ಕೌನ್ಸಿಲ್ ಟ್ಯಾಕ್ಸೂ ಬೇರೆ.

ಜೇಡಿಮಣ್ಣಿನಲ್ಲಿ ಹುಲ್ಲು ಚೆನ್ನಾಗಿ ಬೆಳೆಯುತ್ತಿತ್ತು. ಲಂಡನ್ನಿನ ಕುದುರೆಗಳಿಗೆ ಮೇವು ಬೇಕಿತ್ತು. ಒಣಹುಲ್ಲು ತುಂಬಿದ ಗಾಡಿಗಳು ಪೇಟೆಗೆ ಹೋಗುತ್ತಿದ್ದವು, ಬರುವಾಗ ಕುದುರೆ ಲದ್ದಿಯ ಗೊಬ್ಬರ ತುಂಬಿಕೊಂಡು ಬರುತ್ತಿದ್ದವು. ಪೇಟೆಗೂ ಹಳ್ಳಿಗೂ ಇದ್ದ ಕೊಡು ಕೊಳ್ಳುವ ಲೆಕ್ಕ ಇಷ್ಟು ಸರಳ. ಮೋಟಾರು ಬಂದಿತು, ಕುದುರೆ ಹೋಯಿತು, ಹುಲ್ಲಿಗೆ ಗಿರಾಕಿ ಇಲ್ಲವಾಯಿತು. ಹುಲ್ಲುಗಾವಲಿನ ಒಡೆಯನಿಗೆ ಆಗ ಉಳಿದ ಗಿರಾಕಿ ಎಂದರೆ ಮನೆ ಕಟ್ಟಿಸುವ ಕಂಟ್ರಾಕ್ಟರು.

ಇನ್ನು ಆಡಳಿತ. ವೈದ್ಯರಾದ ನಮಗೆ ಇದೇ ಹೆಚ್ಚು ಕುತೂಹಲದ ಭಾಗ. 1834ರ ಬಡವರ ಕಾಯಿದೆಯಂತೆ ಹಲವು ಪ್ಯಾರಿಷ್‌ಗಳು ಸೇರಿ ಒಂದು ಯೂನಿಯನ್ ಮಾಡಿಕೊಂಡು ವರ್ಕ್‌ಹೌಸ್ ನಡೆಸಬೇಕಾಯಿತು. ದಿಕ್ಕಿಲ್ಲದವರಿಗೆ ಅನ್ನವುಂಟು, ಆದರೆ ಗಂಡ ಹೆಂಡತಿ ಮಕ್ಕಳು ಬೇರೆ ಬೇರೆ, ಮೈಮುರಿಯುವ ದುಡಿಮೆ. ಹೆಂಡನ್ ಯೂನಿಯನ್ 1835ರಲ್ಲಿ ಆಯಿತು. ಅದರ ವರ್ಕ್‌ಹೌಸ್ ಎಡ್ಜ್‌ವೇರ್ ಬಳಿಯ ರೆಡ್‌ಹಿಲ್‌ನಲ್ಲಿತ್ತು. 1927ರಲ್ಲಿ ಅಲ್ಲಿ ರೆಡ್‌ಹಿಲ್ ಆಸ್ಪತ್ರೆ ತೆರೆಯಿತು. 1948ರಲ್ಲಿ ಎನ್.ಎಚ್.ಎಸ್. ಬಂದಾಗ ಅದು ಎಡ್ಜ್‌ವೇರ್ ಜನರಲ್ ಆಯಿತು. 1997ರಿಂದೀಚೆಗೆ ಸಮುದಾಯ ಆಸ್ಪತ್ರೆಯಾಗಿದೆ. ನಮ್ಮ ಅಜ್ಜಿಯ ತಾಯಿ ಹೆದರಿದ್ದು ಆಸ್ಪತ್ರೆಗಲ್ಲ, ಆ ವಿಳಾಸಕ್ಕೆ.

ಕಾಲರಾ ಈ ದೇಶಕ್ಕೆ ಚರಂಡಿಯ ಮಹತ್ವ ಕಲಿಸಿತು. 1872ರ ಆರೋಗ್ಯ ಕಾಯಿದೆಯಿಂದ ಹಳ್ಳಿಗಾಡಿಗೂ ನೈರ್ಮಲ್ಯ ಜಿಲ್ಲೆಗಳಾದವು, ಆರೋಗ್ಯಾಧಿಕಾರಿಗಳು ಬಂದರು. 1894ರ ಕಾಯಿದೆ ಅವನ್ನೇ ಚುನಾಯಿತ ಗ್ರಾಮಾಂತರ ಜಿಲ್ಲಾ ಮಂಡಳಿಗಳನ್ನಾಗಿ ಮಾಡಿತು. ಕೆಳಗೆ ಪ್ಯಾರಿಷ್ ಕೌನ್ಸಿಲ್, ನಡುವೆ ಗ್ರಾಮಾಂತರ ಜಿಲ್ಲೆ, ಮೇಲೆ ಕೌಂಟಿ. ನಮ್ಮ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಮೂರು ಮೆಟ್ಟಿಲೇ ಸರಿ. ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕು ಹೆಂಗಸರಿಗೆ ಸಿಕ್ಕಿದ್ದು 1918ರಲ್ಲಿ. ಅದಕ್ಕೆ 24 ವರ್ಷ ಮೊದಲೇ ಈ ಹಳ್ಳಿ ಮಂಡಳಿಗಳಿಗೆ ಅವರು ಮತ ಹಾಕಬಹುದಿತ್ತು, ಚುನಾವಣೆಗೂ ನಿಲ್ಲಬಹುದಿತ್ತು. ಚರಂಡಿ, ಕುಡಿಯುವ ನೀರು, ರಸ್ತೆ, ಹೊಸ ಮನೆಯ ನಕ್ಷೆ ಎಲ್ಲವೂ ಈ ಮಂಡಳಿಯ ಮೇಜಿಗೆ ಬರುತ್ತಿದ್ದವು.

ಅಷ್ಟರಲ್ಲಿ ರೈಲು ಬಂದಿತ್ತು. ಮೆಟ್ರೊಪಾಲಿಟನ್ ರೈಲ್ವೆ 1880ರಲ್ಲಿ ಹ್ಯಾರೋ, 1885ರಲ್ಲಿ ಪಿನ್ನರ್ ಮುಟ್ಟಿತು. 1915ರಲ್ಲಿ ಅದೇ ಕಂಪನಿ 'ಮೆಟ್ರೋಲ್ಯಾಂಡ್' ಎಂಬ ಹೆಸರು ಹುಟ್ಟಿಸಿ, ಹಳ್ಳಿಯ ಗಾಳಿ, ಪೇಟೆಯ ಕೆಲಸ ಎಂದು ಜನರನ್ನು ಕರೆಯಿತು. 1924ರಲ್ಲಿ ಎಡ್ಜ್‌ವೇರ್‌ಗೆ ಟ್ಯೂಬ್, 1932ರಲ್ಲಿ ಸ್ಟ್ಯಾನ್‌ಮೋರ್‌ಗೆ ಹೊಸ ದಾರಿ. 1931ರಲ್ಲಿ ಎಡ್ಜ್‌ವೇರ್ ಹೆಂಡನ್ ಪಟ್ಟಣಕ್ಕೆ ಹೋಯಿತು. 1934ರಲ್ಲಿ ಉಳಿದ ನಾಲ್ಕು ಪ್ಯಾರಿಷ್‌ಗಳು ಹ್ಯಾರೋ ಆನ್ ದ ಹಿಲ್ ಮತ್ತು ವೀಲ್ಡ್‌ಸ್ಟೋನ್ ಜೊತೆ ಸೇರಿ ಹ್ಯಾರೋ ಅರ್ಬನ್ ಡಿಸ್ಟ್ರಿಕ್ಟ್ ಆದವು. ಈ ಒಟ್ಟು ಪ್ರದೇಶದ ಜನಸಂಖ್ಯೆ 1931ರಲ್ಲಿ ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ ಇದ್ದದ್ದು 1951ಕ್ಕೆ ಸುಮಾರು 2 ಲಕ್ಷ 19 ಸಾವಿರಕ್ಕೆ ಏರಿತು. 1965ರಲ್ಲಿ ಮಿಡ್ಲ್‌ಸೆಕ್ಸ್ ಕೌನ್ಸಿಲ್ ರದ್ದಾಗಿ ಗ್ರೇಟರ್ ಲಂಡನ್ ಆದಾಗ ಹ್ಯಾರೋ ತನ್ನ ಹಳೆಯ ಗಡಿಯಲ್ಲೇ ಬರೋ ಆಯಿತು. 2021ರ ಜನಗಣತಿಯಲ್ಲಿ 2 ಲಕ್ಷ 61 ಸಾವಿರ ಜನ, ನೂರಕ್ಕೆ 45 ಮಂದಿ ಏಷ್ಯಾ ಮೂಲದವರು.

ಹೀಗೆ ಪೇಟೆ ನುಂಗಿದ ಹಳ್ಳಿಗಳು ಕಳೆದುಕೊಂಡದ್ದೇನು, ಉಳಿಸಿಕೊಂಡದ್ದೇನು? 1336ರಲ್ಲಿ ರಾಜನ ಅಪ್ಪಣೆ ಪಡೆದ ಪಿನ್ನರ್ ಜಾತ್ರೆ ಇಂದಿಗೂ ನಡೆಯುತ್ತದೆ. ಸ್ಟ್ಯಾನ್‌ಮೋರ್ ಮತ್ತು ಹ್ಯಾರೋ ವೀಲ್ಡ್ ಕಾಮನ್‌ಗಳಲ್ಲಿ ಇಂದಿಗೂ ಮರಗಳಿವೆ. 1938ರ ಗ್ರೀನ್ ಬೆಲ್ಟ್ ಕಾಯಿದೆಯ ಕಾಲದ ಜನ ಸಾಲುಮನೆಗಳು ದಿಣ್ಣೆ ಹತ್ತುವ ಮೊದಲೇ ಎಚ್ಚೆತ್ತದ್ದರ ಫಲವನ್ನು ನಾವು ಭಾನುವಾರದ ವಾಕಿಂಗ್‌ನಲ್ಲಿ ಉಣ್ಣುತ್ತಿದ್ದೇವೆ. ಆದರೆ ಹಳ್ಳಿಯ ಸಣ್ಣ ಸಭೆ ಹೋಯಿತು. 1965ರಿಂದ ಗ್ರೇಟರ್ ಲಂಡನ್ನಿನಲ್ಲಿ ಪ್ಯಾರಿಷ್ ಕೌನ್ಸಿಲ್ಲಿಗೆ ಅವಕಾಶವೇ ಇರಲಿಲ್ಲ. 2007ರ ಕಾಯಿದೆ ಬಾಗಿಲು ತೆರೆದ ಮೇಲೆ, 2014ರಲ್ಲಿ ಕ್ವೀನ್ಸ್ ಪಾರ್ಕ್ ಮಾತ್ರ ಒಂದನ್ನು ಆರಿಸಿಕೊಂಡಿತು.

ಈಗ ನಮ್ಮ ಕಡೆಗೆ ಬರೋಣ. ನಮ್ಮ ತಾಯಿಯ ತವರು ದೇವನಹಳ್ಳಿ ಸೀಮೆ. ಬೇಸಿಗೆ ರಜೆಯಲ್ಲಿ ಮಾವಂದಿರು ಚಕ್ಕೋತ ಸುಲಿದು ಕೊಡುತ್ತಿದ್ದರು. 1986ರಲ್ಲಿ ಬೆಂಗಳೂರು ಜಿಲ್ಲೆ ಎರಡಾಗಿ ಗ್ರಾಮಾಂತರ ಜಿಲ್ಲೆ ಹುಟ್ಟಿತು. ಮರುವರ್ಷವೇ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಚುನಾವಣೆ. ಕೊಳವೆ ಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ನಜೀರ್ ಸಾಬರ ಕನಸು ಅದು. ಸ್ಥಾನಗಳಲ್ಲಿ ಕಾಲು ಭಾಗ ಹೆಂಗಸರಿಗೆ ಮೀಸಲು. ಸೆರಗು ಸರಿಮಾಡಿಕೊಂಡು ಸಭೆಗೆ ಹೊರಟ ಅತ್ತೆಯೊಬ್ಬರನ್ನು ನೋಡಿ ಊರೇ ನಕ್ಕಿತ್ತು. ಆರು ತಿಂಗಳಲ್ಲಿ ಆ ಅತ್ತೆ ಬೀದಿಗೆ ನಲ್ಲಿ ಹಾಕಿಸಿದಾಗ ನಗು ನಿಂತಿತು.

2007ರಲ್ಲಿ ರಾಮನಗರ ಬೇರೆಯಾಗಿ, ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕು ಉಳಿದವು. 2011ರ ಗಣತಿಯಂತೆ 9 ಲಕ್ಷ 90 ಸಾವಿರ ಜನ. 2008ರಲ್ಲಿ ವಿಮಾನ ನಿಲ್ದಾಣ ಬಂದಿತು. ಪಿನ್ನರ್‌ಗೆ ರೈಲು ಮಾಡಿದ್ದನ್ನು ದೇವನಹಳ್ಳಿಗೆ ವಿಮಾನ ಮಾಡುತ್ತಿದೆ. 2025ರ ಜುಲೈನಲ್ಲಿ ಜಿಲ್ಲೆಯ ಹೆಸರನ್ನು ಬೆಂಗಳೂರು ಉತ್ತರ ಎಂದು ಬದಲಿಸಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. 'ಗ್ರಾಮಾಂತರ' ಎಂಬ ಮಾತು ಅಲ್ಲಿಯೂ ಹೊರಟಿತು. ಅದೇ ತಿಂಗಳು, ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಚನ್ನರಾಯಪಟ್ಟಣ ಹೋಬಳಿಯ ರೈತರ 1,777 ಎಕರೆ ಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. ಬಾಯಿ ಇದ್ದ ಹಳ್ಳಿ ಉಳಿಯಿತು ಎಂದುಕೊಂಡೆವು. ಆದರೆ ಆ ಬಾಯಿಗೆ ಸಭೆಯೂ ಬೇಕಲ್ಲ? 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.

ಹೆಸರು ಹೋಗುವುದು, ಗಡಿ ಬದಲಾಗುವುದು ಲೋಕರೂಢಿ. ಹೆಂಡನ್ ಗ್ರಾಮಾಂತರ ಜಿಲ್ಲೆ ಹೋದದ್ದಕ್ಕೆ ಇಂದು ಅಳುವವರಿಲ್ಲ. ಆದರೆ ಅಲ್ಲಿ ಒಂದು ಮಂಡಳಿ ಹೋದ ದಿನವೇ ಇನ್ನೊಂದು ಚುನಾಯಿತ ಮಂಡಳಿ ಬಂದು ಕೂತಿತು. ಚರಂಡಿ ಕಟ್ಟಿಕೊಂಡರೆ ಯಾರ ಮನೆ ಬಾಗಿಲು ತಟ್ಟಬೇಕೆಂಬುದು ಒಂದು ದಿನವೂ ತಪ್ಪಲಿಲ್ಲ. ಊರು ಪೇಟೆಯಾಗುವಾಗ ಕಾಪಾಡಬೇಕಾದದ್ದು ಇದನ್ನೇ.

ಕೊನೆಗೊಂದು ಮಾತು, ಸ್ವಲ್ಪ ಸಂಕೋಚದಿಂದ. ಕಾಮನ್‌ವೆಲ್ತ್ ದೇಶದವರಾದ ನಮಗೆ ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ ಸಾಕು, ಬ್ರಿಟಿಷ್ ಪಾಸ್‌ಪೋರ್ಟ್ ಇಲ್ಲದೆಯೂ ಮತ ಹಾಕುವ ಹಕ್ಕಿದೆ. ನಾವೇ ಮೊದಲ ಏಳು ವರ್ಷ ಮತಪಟ್ಟಿಯ ಕಾಗದವನ್ನು ಪಿಜ್ಜಾ ಅಂಗಡಿಯ ಜಾಹೀರಾತಿನ ಜೊತೆ ಕಸಕ್ಕೆ ಹಾಕಿದವರು. ಈ ಬಾರಿ ಆ ಕಾಗದ ಬಂದಾಗ ತುಂಬಿ ಕಳಿಸಿ. ಊರಿಗೆ ಫೋನ್ ಮಾಡಿದಾಗ ಸೈಟಿನ ಬೆಲೆ ಎಷ್ಟಾಯಿತೆಂದು ಕೇಳುವ ಮೊದಲು ಪಂಚಾಯಿತಿ ಚುನಾವಣೆ ಯಾವಾಗ ಎಂದು ಕೇಳಿ.

ಅಜ್ಜಿ ಕೊನೆಗೂ ಎಡ್ಜ್‌ವೇರ್‌ಗೆ ಹೋಗಲಿಲ್ಲ. ಬೇರೆ ಕಡೆ ಹಾಸಿಗೆ ಹುಡುಕಿ ಕೊಟ್ಟೆವು. ನಡೆದುಕೊಂಡೇ ಮನೆಗೆ ಹೋದರು.